ಭಾನುವಾರದ ಚರ್ಚೆಗೆ: ಅವಿಯಾ ಎಸ್-199

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಅವಿಯಾ ಎಸ್-199 ಬಗ್ಗೆ ಮಾತಾಡೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೆಕೊಸ್ಲೊವಾಕಿಯಾ ಕಟ್ಟಿದ ಫೈಟರ್ ವಿಮಾನ ಇದು. ಮೈಯೆಲ್ಲ ಜರ್ಮನಿಯ ಫೈಟರ್ ಮೆಸರ್‌ಶ್ಮಿಟ್ 109ರದ್ದೇ. ಅದಕ್ಕೆ ತಕ್ಕ ಡೈಮ್ಲರ್-ಬೆಂಜ್ ಎಂಜಿನ್ ಸಿಗಲಿಲ್ಲ. ಹೈಂಕೆಲ್ 111 ಬಾಂಬರ್‌ನ ಯೂಮೋ 211 ಎಂಜಿನನ್ನೇ, ಅಗಲ ಅಲಗಿನ ಪ್ರೊಪೆಲ್ಲರ್ ಸಮೇತ, ತಂದು ಕೂರಿಸಿದರು.

ಎಡವಟ್ಟು ಶುರುವಾದದ್ದೇ ಅಲ್ಲಿ. ಆ ಭಾರದ ಪ್ರೊಪೆಲ್ಲರ್ ತಿರುಗುವ ರಭಸಕ್ಕೆ ವಿಮಾನ ಒಂದೇ ಕಡೆ ಎಳೆಯುತ್ತಿತ್ತು. ಮುಂದಿನ ಎರಡು ಚಕ್ರಗಳ ನಡುವೆ ಜಾಗವೂ ಕಡಿಮೆ. ತೂಕದ ಕೇಂದ್ರ ಆ ಚಕ್ರಗಳ ಹಿಂದೆ ಇರುವುದರಿಂದ, ನೆಲ ಮುಟ್ಟಿದ ಮೇಲೆ ಸ್ವಲ್ಪ ಓರೆಯಾದರೂ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಆಮೇಲೆ ಗಿರ್ರನೆ ತಿರುಗಿ ರೆಕ್ಕೆ ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಪಲ್ಟಿ. ಪೈಲಟ್‌ಗಳು ಇದನ್ನು ಹೇಸರಗತ್ತೆ ಎಂದು ಕರೆದದ್ದು ಸುಮ್ನೆ ಅಲ್ಲ!

1948ರಲ್ಲಿ ಇಸ್ರೇಲ್ ಇಂಥ 25 ವಿಮಾನ ಕೊಂಡಿತು. ಅಲ್ಲೂ ಏರುವಾಗ, ಇಳಿಯುವಾಗ ಹಲವು ಹಾಳಾದವು. ನನ್ನ ಪ್ರಕಾರ ತಪ್ಪು ಪೈಲಟ್‌ಗಳಿಗಿಂತ ಆ ಎಂಜಿನ್ ಜೋಡಣೆಯದೇ ಜಾಸ್ತಿ. ಒಪ್ಪದವರು ಭಾನುವಾರ ವಾದ ಮಾಡಿ.

ಫೋಟೋ ಹಾಕುವವರು ಜಾಗ, ವರ್ಷ ಬರೆಯಿರಿ. ಸತ್ತವರ ಚಿತ್ರಗಳು ದಯವಿಟ್ಟು ಬೇಡ.