ಮೊಮ್ಮಗ ‘ಆಮೇಲೆ?’ ಎಂದು ಕೇಳಲೇ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಈಚೆಗೆ ಬಂದ ಒಂದು ದೊಡ್ಡ ಸಿನಿಮಾದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ವಿಮರ್ಶೆ ಬಂದಿತ್ತು. ಕಥೆ ತೆಳು, ಆದರೆ ಕಣ್ಣಿಗೆ ಹಬ್ಬ, ಹಾಗಾಗಿ ಕೊರತೆ ಗೊತ್ತಾಗುವುದಿಲ್ಲ ಅಂತ ಬರೆದಿದ್ದಿರಿ. ಅದನ್ನು ಓದಿ ನಾನು, ಮಗಳು, ಮೊಮ್ಮಗ ಮೂವರೂ ಭಾನುವಾರ ಹಳೇಬೀಡಿನಲ್ಲಿ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ನೋಡಿಕೊಂಡು ಬಂದೆವು. ಸಿನಿಮಾದ ಹೆಸರು ಇಲ್ಲಿ ಬೇಡ. ನಾನು ಬರೆಯುತ್ತಿರುವುದು ಆ ಒಂದು ಸಿನಿಮಾದ ಮೇಲೆ ಸಿಟ್ಟಿನಿಂದ ಅಲ್ಲ. ಕೊರತೆ ಗೊತ್ತಾಗುವುದಿಲ್ಲ ಎಂಬ ನಿಮ್ಮ ಮಾತಿನ ಬಗ್ಗೆ ನನಗೆ ಹೇಳುವುದಿದೆ.

ಕಣ್ಣಿಗೆ ಹಬ್ಬ ಅನ್ನುವುದಂತೂ ನಿಜ. ಮೋಡದ ಮೇಲೆ ಕೋಟೆ. ಗೋಡೆಯ ಹಾಗೆ ಎದ್ದು ನಿಲ್ಲುವ ಸಮುದ್ರ. ಬೆಟ್ಟದಿಂದ ಒಟ್ಟಿಗೆ ಇಳಿದು ಬರುವ ಕುದುರೆಗಳ ದಂಡು. ಮೊದಲ ಹತ್ತು ನಿಮಿಷ ಮೊಮ್ಮಗ ಬಾಯಿ ಬಿಟ್ಟುಕೊಂಡು ನೋಡಿದ. ನಾನೂ ಅಷ್ಟೇ. ಇಂಟರ್‌ವೆಲ್ ಹೊತ್ತಿಗೆ ಅವನ ಗಮನ ಪಾಪ್‌ಕಾರ್ನ್ ಮೇಲೆ ಹೋಗಿತ್ತು. ಎರಡನೇ ಭಾಗದಲ್ಲಿ ಅವರಮ್ಮನ ಹೆಗಲಿಗೆ ಒರಗಿಕೊಂಡ. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ‘ಆ ರಾಜ ಯುದ್ಧಕ್ಕೆ ಯಾಕಪ್ಪ ಹೋದ?’ ಸ್ವಲ್ಪ ಹೊತ್ತು ಯೋಚಿಸಿ ‘ಗೊತ್ತಿಲ್ಲ ತಾತ, ಕುದುರೆ ಮಾತ್ರ ಸಕ್ಕತ್ತಾಗಿತ್ತು’ ಅಂದ. ಒಂಬತ್ತು ವರ್ಷದ ಹುಡುಗ, ಚುರುಕಾಗಿದ್ದಾನೆ. ಅವನದೇನೂ ತಪ್ಪಿಲ್ಲ. ಎರಡೂವರೆ ಗಂಟೆಯಲ್ಲಿ ಅವನು ಒಂದು ಸಲವೂ ‘ಆಮೇಲೆ?’ ಅಂತ ಕೇಳಲಿಲ್ಲ.

ಈ ‘ಆಮೇಲೆ?’ ಅನ್ನುವುದು ನನ್ನ ಕಸುಬಿನ ಮಾತು. ಹೊಯ್ಸಳೇಶ್ವರ ದೇವಸ್ಥಾನದಲ್ಲಿ ಪ್ರವಾಸಿಗರಿಗೆ ಗೈಡ್ ಆಗಿ 31 ವರ್ಷ ಆಯಿತು. ಬರೀ ನೋಟ ಜನರನ್ನು ಎಷ್ಟು ಹೊತ್ತು ಹಿಡಿಯುತ್ತದೆ, ಕಥೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದನ್ನು ನಾನು ದಿನಾ ನೋಡುತ್ತೇನೆ. ಮಳೆಗಾಲದಲ್ಲೂ ನೋಡುತ್ತೇನೆ, ಶಾಲೆಯ ಪ್ರವಾಸದ ಸೀಸನ್‌ನಲ್ಲೂ ನೋಡುತ್ತೇನೆ.

ನಮ್ಮ ಗುಡಿಯ ಹೊರಗೋಡೆಯನ್ನು ನೋಡಿದವರಿಗೆ ಗೊತ್ತಿರುತ್ತದೆ. ಪಟ್ಟಿ ಪಟ್ಟಿಯಾಗಿ ಕೆತ್ತನೆ. ಕೆಳಗಿನ ಸಾಲಿನಲ್ಲಿ ಆನೆ. ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ. ಅದರ ಮೇಲಿನದು ರಾಮಾಯಣ, ಮಹಾಭಾರತ, ಭಾಗವತದ ಕಥೆಗಳ ಸಾಲು. ಅದಕ್ಕೂ ಮೇಲೆ ಮಕರ, ಹಂಸ. ಆನೆಗಳೇ ಸಾವಿರಕ್ಕೂ ಜಾಸ್ತಿ ಇವೆ. ಒಂದರ ಹಾಗೆ ಇನ್ನೊಂದಿಲ್ಲ. ಒಂದು ಸೊಂಡಿಲು ಎತ್ತಿದೆ, ಒಂದು ಮುಂದಿನ ಆನೆಯ ಬಾಲ ಹಿಡಿದಿದೆ. ಇಷ್ಟು ಹೇಳಿದರೆ ಎಲ್ಲರೂ ‘ಅಬ್ಬಾ’ ಅನ್ನುತ್ತಾರೆ, ಫೋಟೊ ತೆಗೆಯುತ್ತಾರೆ, ಮುಂದಕ್ಕೆ ನಡೆಯುತ್ತಾರೆ. ಎರಡು ನಿಮಿಷ ಆದರೆ ಹೆಚ್ಚು.

ಚಕ್ರವ್ಯೂಹದ ಮುಂದೆ ಮಾತ್ರ ಹಾಗಾಗುವುದಿಲ್ಲ. ಕಥೆಗಳ ಸಾಲಿನಲ್ಲಿರುವ ಒಂದು ಪುಟ್ಟ ಕೆತ್ತನೆ ಅದು. ತೋರಿಸದಿದ್ದರೆ ದಾಟಿ ಹೋಗುತ್ತೀರಿ. ಸುರುಳಿ ಸುತ್ತಿದ ಹಾಗೆ ಸೈನಿಕರು, ಒಂದರೊಳಗೆ ಒಂದು ಸುತ್ತು. ಬೆರಳು ತಾಗಿಸದೆ ಗಾಳಿಯಲ್ಲೇ ದಾರಿ ತೋರಿಸುತ್ತಾ ಶುರು ಮಾಡುತ್ತೇನೆ. ಅಭಿಮನ್ಯು ತಾಯಿಯ ಹೊಟ್ಟೆಯಲ್ಲಿದ್ದಾಗ ಕೇಳಿಸಿಕೊಂಡ, ಒಳಗೆ ಹೋಗುವುದು ಕಲಿತ, ಹೊರಗೆ ಬರುವುದು ಕೇಳುವಷ್ಟರಲ್ಲಿ ಮಾತು ನಿಂತುಹೋಯಿತು. ಅಲ್ಲಿಗೆ ಬಂದು ನಾನು ಸುಮ್ನೆ ನಿಲ್ಲುತ್ತೇನೆ. ಯಾವುದಾದರೂ ಒಂದು ಮಗು ‘ಆಮೇಲೆ?’ ಅನ್ನುತ್ತದೆ. ದೊಡ್ಡವರು ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಯಾರ ಕಾಲೂ ಮುಂದಕ್ಕೆ ಹೋಗುವುದಿಲ್ಲ. ಕಥೆ ಗೊತ್ತಿದ್ದವರೂ ನಿಲ್ಲುತ್ತಾರೆ. ಅಭಿಮನ್ಯುವಿನ ಗತಿ ಏನಾಯಿತು ಅಂತ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಆದರೂ ಕೇಳಬೇಕು ಅನಿಸುತ್ತದೆ. ಆನೆಯ ಸಾಲಿನ ಮುಂದೆ ಈ 31 ವರ್ಷದಲ್ಲಿ ಒಬ್ಬರೂ ‘ಆಮೇಲೆ?’ ಅಂದಿಲ್ಲ.

ಹಾಗಂತ ಕೆತ್ತನೆಯ ಚೆಂದಕ್ಕೆ ಬೆಲೆ ಇಲ್ಲ ಅಂದರೆ ನಾನು ತಿನ್ನುವ ಅನ್ನಕ್ಕೇ ದ್ರೋಹ. ಕೈಲಾಸ ಎತ್ತುವ ರಾವಣನನ್ನೇ ತೆಗೆದುಕೊಳ್ಳಿ. ಬೆಟ್ಟ ಮಡಿಕೆ ಮಡಿಕೆಯಾಗಿದೆ. ಒಂದೊಂದು ಮಡಿಕೆಯಲ್ಲೂ ಪ್ರಾಣಿ, ಗಣಗಳು, ದೇವತೆಗಳು. ಮೇಲೆ ಶಿವ ಪಾರ್ವತಿ. ಕೆಳಗೆ ರಾವಣ, ಅಷ್ಟೂ ತಲೆ, ಅಷ್ಟೂ ಕೈ. ಬಳಪದ ಕಲ್ಲಿನಲ್ಲಿ ಎಷ್ಟು ಸಣ್ಣ ಕೆಲಸ ಮಾಡಬಹುದೋ ಅಷ್ಟನ್ನೂ ಅಲ್ಲಿ ಮಾಡಿದ್ದಾರೆ. ಆದರೆ ಅದು ಸುಮ್ನೆ ಅಲಂಕಾರ ಅಲ್ಲ. ಬೆಟ್ಟದ ತುಂಬಾ ಅಷ್ಟು ಜೀವಗಳನ್ನು ಕೆತ್ತಿದ್ದರಿಂದಲೇ ಅದರ ಭಾರ ನಮಗೆ ತಟ್ಟುತ್ತದೆ, ಹೊರುವವನ ಸೊಕ್ಕೂ ತಟ್ಟುತ್ತದೆ. ಉಳಿಯ ಒಂದೊಂದು ಏಟೂ ಕಥೆಗೆ ದುಡಿದಿದೆ. ನೋಟ ಹೀಗಿದ್ದರೆ ಅದಕ್ಕೆ ನನ್ನ ಎರಡೂ ಕೈ ಮುಗಿಯುತ್ತೇನೆ.

ಇನ್ನು ಸಿನಿಮಾದ ಮಾತು. ಕನ್ನಡದ ಮೊದಲ ಪೂರ್ಣ ಬಣ್ಣದ ಸಿನಿಮಾ ಬಂದದ್ದು 1964ರಲ್ಲಿ, ‘ಅಮರಶಿಲ್ಪಿ ಜಕಣಾಚಾರಿ’. ಬಿ.ಎಸ್. ರಂಗಾ ಅವರದು, ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ ಇದ್ದರು. ಕನ್ನಡಕ್ಕೆ ಬಣ್ಣ ಬಂದದ್ದೇ ನಮ್ಮ ಬೇಲೂರು ಕಡೆಯ ಶಿಲ್ಪಿಯ ಕಥೆಯ ಜೊತೆಗೆ ಅನ್ನುವುದು ನಮಗೆಲ್ಲ ಹೆಮ್ಮೆ. ನಾನು ಅದನ್ನು ನೋಡಿದ್ದು ಏಳನೇ ಕ್ಲಾಸಿನಲ್ಲಿದ್ದಾಗ, ಟೆಂಟಿನಲ್ಲಿ. ಅಷ್ಟು ಹೊತ್ತಿಗೆ ಆ ಪ್ರಿಂಟು ಎಷ್ಟು ಊರು ಸುತ್ತಿತ್ತೋ ಏನೋ. ಆಗಿನ ಈಸ್ಟ್‌ಮನ್ ಕಲರ್ ಫಿಲಂ ಹಳೆಯದಾದ ಹಾಗೆ ನೀಲಿ, ಹಸಿರು ಹಾರಿಹೋಗಿ ಎಲ್ಲ ಕೆಂಪು ಕೆಂಪಾಗುತ್ತದೆ. ನಮ್ಮ ಪಾಲಿಗೆ ಬಂದದ್ದು ಅಂಥದ್ದೇ. ಆಕಾಶವೂ ನಸುಗೆಂಪು, ಸೀರೆಯೂ ನಸುಗೆಂಪು. ಪರದೆಯ ತುಂಬಾ ಮಳೆ ಬಿದ್ದ ಹಾಗೆ ಗೆರೆ. ಬಣ್ಣದ ಸಿನಿಮಾ ಅಂತ ಹೋದವರಿಗೆ ಅಲ್ಲಿ ಬಣ್ಣವೇ ಇರಲಿಲ್ಲ.

ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್. ಪ್ರತಿ ರೀಲು ಮುಗಿದಾಗಲೂ ಲೈಟು ಹಾಕಿ ಇನ್ನೊಂದನ್ನು ಏರಿಸಬೇಕಿತ್ತು. ಜಕಣಾಚಾರಿಯ ಮಗ ಡಂಕಣ ಬಂದು ಈ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂದ ಮೇಲೆ ರೀಲು ಮುಗಿಯಿತು. ಆ ಐದು ನಿಮಿಷ ನನಗೆ ಇನ್ನೂ ನೆನಪಿದೆ. ನೆಲದಲ್ಲಿ ಕೂತವರು, ಬೆಂಚಿನಲ್ಲಿ ಕೂತವರು ಎಲ್ಲರದೂ ಅದೇ ಮಾತು, ‘ಆಮೇಲೆ?’ ನಮ್ಮಜ್ಜಿಗೆ ಕಥೆ ಪೂರ್ತಿ ಗೊತ್ತು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿಗೆ ಎಷ್ಟೋ ಸಲ ಹೋಗಿದ್ದವರು. ಗಂಧ ಬಳಿಯುತ್ತಾರೆ, ಎಲ್ಲ ಕಡೆ ಒಣಗುತ್ತದೆ, ಹೊಕ್ಕಳ ಹತ್ತಿರ ಮಾತ್ರ ಒಣಗುವುದಿಲ್ಲ, ಅಲ್ಲಿ ಉಳಿ ಇಟ್ಟರೆ ನೀರು, ಕಪ್ಪೆ ಹೊರಗೆ ಬರುತ್ತವೆ ಅಂತ ನನಗೆ ಹೇಳಿಕೊಟ್ಟವರೇ ಅವರು. ಆದರೂ ರೀಲು ಬದಲಾಯಿಸುವವನಿಗೆ ‘ಬೇಗ ಹಾಕಪ್ಪೋ’ ಅಂತ ಕೂಗಿದವರೂ ಅವರೇ. ಜಕಣಾಚಾರಿ ತನ್ನ ಬಲಗೈಯನ್ನೇ ಶಿಕ್ಷಿಸಿಕೊಳ್ಳುವಾಗ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆ ನಸುಗೆಂಪು ಪರದೆಯ ಮುಂದೆ.

ಇನ್ನೊಂದು ಮಾತು ಹೇಳಬೇಕು, ಗೈಡ್ ಆಗಿ ಇದನ್ನು ಬಿಡಲಾರೆ. ಜಕಣಾಚಾರಿ ಅನ್ನುವ ಹೆಸರಿಗೆ ಹೊಯ್ಸಳರ ಕಾಲದ ಶಾಸನದ ಆಧಾರ ಸಿಕ್ಕಿಲ್ಲ. ಬೇಲೂರಿನಲ್ಲಿ ಕೆಲಸ ಮಾಡಿದವರು ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕಲ್ಲಿನಲ್ಲಿ ಕೊರೆದ ಹೆಸರು. ಬಂದವರಿಗೆ ಅದನ್ನು ತಪ್ಪದೆ ಹೇಳುತ್ತೇನೆ. ಆದರೆ ಜನ ಮನೆಗೆ ಒಯ್ಯುವ ಹೆಸರು ಜಕಣಾಚಾರಿಯದೇ. ದಾಸೋಜನಿಗೆ ಕೆತ್ತನೆ ಇದೆ, ಕಥೆ ಇಲ್ಲ. ಜಕಣಾಚಾರಿಗೆ ಕಥೆ ಇದೆ. ಎಂಟು, ಒಂಬತ್ತು ನೂರು ವರ್ಷದ ಕಲ್ಲಿನ ಅಕ್ಷರವನ್ನೇ ಕಥೆ ಹಿಂದಕ್ಕೆ ತಳ್ಳುತ್ತದೆ ಅಂದರೆ ಅದರ ಶಕ್ತಿ ಎಂಥದ್ದು ನೋಡಿ. ದಾಸೋಜನ ಬಗ್ಗೆ ಯೋಚಿಸಿದಾಗ ನನಗೆ ಬೇಜಾರಾಗುತ್ತದೆ. ಅಷ್ಟು ದುಡಿದ ಮನುಷ್ಯ.

ಅದೇ ಬೇಜಾರು ಮೊನ್ನೆ ಹಾಸನದಲ್ಲೂ ಆಯಿತು. ಸಿನಿಮಾ ಮುಗಿದು ಹೆಸರುಗಳು ಬರಲು ಶುರುವಾದವು. ನೂರಾರು ಹೆಸರು. ನಾನು ಎದ್ದಿರಲಿಲ್ಲ, ಮಗಳು ‘ನಡಿ ಅಪ್ಪ, ಬಸ್ಸು ತಪ್ಪುತ್ತೆ’ ಅನ್ನುತ್ತಿದ್ದಳು. ನಾನು ಹುಡುಕುತ್ತಿದ್ದದ್ದು ನಮ್ಮ ಬೀದಿಯ ಒಬ್ಬ ಹುಡುಗಿಯ ಹೆಸರನ್ನು. ಬೆಂಗಳೂರಿನಲ್ಲಿ ಗ್ರಾಫಿಕ್ಸ್ ಕೆಲಸ ಮಾಡುತ್ತಾಳೆ, ಈ ಸಿನಿಮಾಕ್ಕೂ ಮಾಡಿದ್ದಳು. ಜಾತ್ರೆಗೆ ಬಂದಾಗ ಅವಳ ಕೆಲಸ ಏನು ಅಂತ ವಿವರಿಸಿ ಹೇಳಿದ್ದಳು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಆರು ಸೆಕೆಂಡಿನ ಒಂದು ಶಾಟ್ ಅಂದರೆ 144 ಚಿತ್ರ. ನಟನ ಹಿಂದಿನ ಹಸಿರು ಬಟ್ಟೆ ತೆಗೆದು ಬೆಟ್ಟ ಕೂರಿಸಬೇಕಾದರೆ ಅವನ ಅಂಚನ್ನು ಬಿಡಿಸಬೇಕು. ಕೂದಲು ಗಾಳಿಗೆ ಹಾರುತ್ತಿದ್ದರೆ ಕಂಪ್ಯೂಟರು ತಪ್ಪು ಮಾಡುತ್ತದೆ, ಆಗ ಒಂದೊಂದು ಚಿತ್ರದಲ್ಲೂ ಕೈಯಲ್ಲೇ ತಿದ್ದುತ್ತಾ ಹೋಗಬೇಕು. ಹಗ್ಗ ಕಟ್ಟಿ ಹಾರಿಸಿದ್ದರೆ ಆ ಹಗ್ಗವನ್ನು ಅಳಿಸಬೇಕು. ಅವಳು ವಾರಗಟ್ಟಲೆ ಕೂತು ಮಾಡಿದ್ದು ಅಂಥ ಕೆಲವು ಶಾಟ್‌ಗಳನ್ನು. ‘ನನ್ನ ಕೆಲಸ ಸರಿಯಾಗಿದ್ದರೆ ಯಾರಿಗೂ ಕಾಣಿಸಬಾರದು ಮಾವ’ ಅಂದಿದ್ದಳು. ದಾಸೋಜನ ಜಾತಿಯವಳೇ ಅನಿಸಿತು, ಕೆಲಸದ ಜಾತಿ. ಪರದೆಯಲ್ಲಿ ಅವಳ ಹೆಸರು ಬರುವಷ್ಟರಲ್ಲಿ ಲೈಟು ಹಾಕಿ ಕಸ ಗುಡಿಸಲು ಶುರು ಮಾಡಿದ್ದರು. ಬಂತೋ ಇಲ್ಲವೋ, ನನಗೆ ಕಾಣಲಿಲ್ಲ.

ನನ್ನ ದೂರು ಇರುವುದೇ ಇಲ್ಲಿ. ದೃಶ್ಯ ಚೆನ್ನಾಗಿದ್ದರೆ ಕಥೆಯ ಕೊರತೆ ತುಂಬುತ್ತದೆ ಅನ್ನುವವರು ದೃಶ್ಯದ ಪರವಾಗಿ ಮಾತಾಡುತ್ತಿದ್ದೇವೆ ಅಂದುಕೊಂಡಿದ್ದಾರೆ. ಕಥೆ ಕೈಕೊಟ್ಟರೆ ಮೊದಲು ಹಾಳಾಗುವುದು ದೃಶ್ಯದ ದುಡಿಮೆಯೇ. ಸಮುದ್ರ ಎದ್ದು ನಿಂತಾಗ ದೋಣಿಯಲ್ಲಿರುವವನು ಬದುಕಬೇಕು ಅಂತ ನಮಗೆ ಅನಿಸಬೇಕು, ಅಲ್ವಾ? ಅವನು ಯಾರು, ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಅನ್ನುವುದು ಗೊತ್ತಿಲ್ಲದಿದ್ದರೆ ಅದು ಬರೀ ನೀರು. ಆ ಹುಡುಗಿ ನಿದ್ದೆಗೆಟ್ಟು ಕೂರಿಸಿದ ನೀರು. ಕಥೆ ಬರೆಯುವವರು ಇನ್ನೊಂದು ತಿಂಗಳು ಕೂತಿದ್ದರೆ ಅದು ಕಡಲಾಗುತ್ತಿತ್ತು. ಅಷ್ಟು ಹಣ ಸುರಿಯುವವರಿಗೆ ಕಾಗದ, ಪೆನ್ನು, ಒಂದು ತಿಂಗಳ ಸಮಯ ಭಾರವೇ?

ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದಕ್ಕೆ ಉತ್ತರ ಇದೆ. ಅನಂತಮೂರ್ತಿಯವರ ಕಾದಂಬರಿ ಇಟ್ಟುಕೊಂಡು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದ ‘ಸಂಸ್ಕಾರ’ದ ಚಿತ್ರೀಕರಣ ನಡೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಕಪ್ಪು ಬಿಳುಪು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಅಲ್ಲಿ ಕೋಟೆ ಇಲ್ಲ, ಸೈನ್ಯ ಇಲ್ಲ. ಅಗ್ರಹಾರದಲ್ಲಿ ಒಂದು ಹೆಣ ಬಿದ್ದಿದೆ, ಅದಕ್ಕೆ ಸಂಸ್ಕಾರ ಮಾಡುವವರು ಯಾರು ಅನ್ನುವ ಒಂದು ಪ್ರಶ್ನೆ. ಆ ಪ್ರಶ್ನೆ ಇದ್ದದ್ದರಿಂದ ಖಾಲಿ ಬೀದಿಯನ್ನು ತೋರಿಸಿದರೂ ಎದೆ ಹೊಡೆದುಕೊಳ್ಳುತ್ತದೆ. ಅದರಲ್ಲಿ ನೋಟವೇನೂ ಕಡಿಮೆ ಇಲ್ಲ. ನೋಟಕ್ಕೆ ಕೆಲಸ ಸಿಕ್ಕಿದೆ ಅಷ್ಟೇ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು ಆ ಸಿನಿಮಾದಿಂದ.

ಒಂದು ವಿನಂತಿ. ನಿಮ್ಮ ಪತ್ರಿಕೆಯಲ್ಲಿ ಎಲ್ಲ ಸೇರಿಸಿ ಒಂದೇ ಲೆಕ್ಕದಲ್ಲಿ ಸ್ಟಾರ್ ಕೊಡುತ್ತೀರಿ. ಅದರ ಬದಲು ಕಥೆಗೆ ಬೇರೆ, ದೃಶ್ಯಕ್ಕೆ ಬೇರೆ ಕೊಡಿ. ದೃಶ್ಯ ಚೆನ್ನಾಗಿದ್ದರೆ ಅದನ್ನು ಮಾಡಿದವರ ಹೆಸರನ್ನು ಒಂದು ಸಾಲಿನಲ್ಲಾದರೂ ಹಾಕಿ. ಕಥೆ ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ, ‘ಆದರೆ’ ಸೇರಿಸಬೇಡಿ. ನಮ್ಮಂಥವರಿಗೆ ಹಾಸನ ಅಂದರೆ ಸುಮಾರು 30 ಕಿಲೋಮೀಟರ್. ಹೋಗಿ ಬರುವ ಬಸ್ಸು, ಮೂರು ಟಿಕೆಟ್ಟು, ನನ್ನ ಒಂದು ಭಾನುವಾರದ ದುಡಿಮೆ. ಭಾನುವಾರವೇ ನನಗೆ ಗಿರಾಕಿ ಜಾಸ್ತಿ ಬರುವ ದಿನ. ನಿಮ್ಮ ಮಾತು ನಂಬಿಯೇ ಹೊರಡುತ್ತೇವೆ.

ಮೊಮ್ಮಗನಿಗೆ ಮುಂದಿನ ತಿಂಗಳು ರಜೆ. ಇನ್ನೊಂದು ಸಿನಿಮಾಕ್ಕೆ ಕರೆದುಕೊಂಡು ಹೋಗು ಅಂತ ಈಗಲೇ ಬೆನ್ನು ಬಿದ್ದಿದ್ದಾನೆ. ನಿಮ್ಮ ವಿಮರ್ಶೆ ಬರಲಿ, ನೋಡೋಣ ಅಂದಿದ್ದೇನೆ.

ಇಂತಿ,
ಹಳೇಬೀಡಿನ ಒಬ್ಬ ಗೈಡ್
ಹಾಸನ ಜಿಲ್ಲೆ