ಉಸಿರಾಟವನ್ನು ಸಾವಕಾಶವಾಗಿ ಕಲಿಸಿ

ಮಾನ್ಯ ಸಂಪಾದಕರೇ,

ನಾನು ವಿಜಯಪುರದ ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಯಾಷಿಯರ್. 21 ವರ್ಷದಿಂದ ಇದೇ ಕೆಲಸ. ಬ್ಯಾಂಕು, ಕಚೇರಿ, ಆಸ್ಪತ್ರೆಗಳಲ್ಲಿ ನೌಕರರಿಗೆ ಪ್ರಾಣಾಯಾಮ ಹೇಳಿಕೊಡುವುದು ಈಗ ಜಾಸ್ತಿಯಾಗಿದೆ. ಇದು ಬೇಕಾಗಿತ್ತು. ಆದರೆ ಅದನ್ನು ಹೇಳಿಕೊಡುತ್ತಿರುವ ರೀತಿ ನೋಡಿ ಸುಮ್ನೆ ಇರಲು ಆಗದೆ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ಬೆಳೆ ಸಾಲದ ನವೀಕರಣಕ್ಕೆ ತಿಕೋಟಾ, ಬಬಲೇಶ್ವರ ಕಡೆಯ ರೈತರು ಬೆಳಿಗ್ಗೆ ಒಂಬತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕ್ಯಾಶ್ ಕೌಂಟರ್ ಎರಡಿದ್ದರೂ ಜನ ಇಲ್ಲದೆ ಒಂದೇ ನಡೆಯುತ್ತಿತ್ತು. ಒಂದು ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. 5,000 ರೂಪಾಯಿ ಕಡಿಮೆ. ಯಾರಿಗೋ 500ರ ಹತ್ತು ನೋಟು ಜಾಸ್ತಿ ಹೋಗಿತ್ತು. ಕ್ಯಾಮೆರಾ ನೋಡಿದರೂ ಗೊತ್ತಾಗಲಿಲ್ಲ. ಕೈಯಿಂದ ತುಂಬಿ ಮನೆಗೆ ಹೋದೆ.

ದುಡ್ಡು ಹೋದ ನೋವು ವಾರದಲ್ಲಿ ಮರೆಯಿತು. ಕೈ ಮೇಲಿನ ನಂಬಿಕೆ ಹೋಗಿದ್ದು ಮಾತ್ರ ತಿಂಗಳಾದರೂ ಬರಲಿಲ್ಲ. ಯಂತ್ರ ಎಣಿಸಿ ಕೊಟ್ಟ ನೋಟನ್ನೇ ಮತ್ತೆ ಕೈಯಲ್ಲಿ ಎಣಿಸುತ್ತಿದ್ದೆ. ನಲವತ್ತರ ಹತ್ತಿರ ಬಂದಾಗ ಲೆಕ್ಕ ತಪ್ಪುತ್ತಿತ್ತು. ಮತ್ತೆ ಒಂದರಿಂದ ಶುರು. ಎದೆ ಡಬಡಬ ಅನ್ನುತ್ತಿತ್ತು, ಬೆರಳ ತುದಿ ಬೆವರಿ ನೋಟು ಅಂಟುತ್ತಿತ್ತು. ಒಂದು ದಿನ ಪಿಂಚಣಿ ತಗೊಳ್ಳಲು ಬಂದ ಅಜ್ಜರೊಬ್ಬರು ಕಿಟಕಿಯಿಂದ ನನ್ನನ್ನೇ ನೋಡುತ್ತಾ ನಿಂತು ಹೇಳಿದರು: ‘ಯವ್ವಾ, ಸಾವಕಾಶ ಎಣಸವ್ವಾ. ನಾ ಎಲ್ಲಿ ಓಡಿ ಹೊಂಟೀನಿ?’ ನನಗೆ ಕಣ್ಣಲ್ಲಿ ನೀರು ಬಂತು.

ಡಾಕ್ಟರ ಹತ್ತಿರ ಹೋದಾಗ ಬಿಪಿ 150/96 ಇತ್ತು. ಗುಳಿಗೆ ಶುರುವಾಯಿತು. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಉಸಿರಾಟದ ಅಭ್ಯಾಸ ಮಾಡಿ ಅಂದರು. ನಮ್ಮ ಓಣಿಯಲ್ಲೇ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಇದ್ದಾರೆ. ಅವರ ಹತ್ತಿರ ಹೋದೆ. ಚಾಪೆ ಹಿಡಿದುಕೊಂಡು ಹೋಗಿದ್ದೆ. ‘ಅದನ್ನ ಅಲ್ಲೇ ಇಡ್ರಿ ಅಕ್ಕಾರ, ನೀವು ಕೆಲಸ ಮಾಡೋದು ಕುರ್ಚಿ ಮ್ಯಾಲೆ ಅಲ್ಲೇನು? ಕುರ್ಚಿ ಮ್ಯಾಲೇ ಕಲೀರಿ’ ಅಂದರು ಮಾಸ್ತರರು.

ಅವರು ಮೊದಲು ಕಲಿಸಿದ್ದು ಇಷ್ಟೇ. ಬೆನ್ನು ನೇರ, ಭುಜ ಸಡಿಲ, ಬಾಯಿ ಮುಚ್ಚಿ. ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ತಗೊಳ್ಳಬೇಕು. ಆರು ಎಣಿಸುವಷ್ಟು ಹೊತ್ತು ಮೂಗಿನಿಂದಲೇ ಬಿಡಬೇಕು. ತಡೆದು ಹಿಡಿಯುವುದು ಬೇಡ. ಜೋರು ಮಾಡುವುದು ಬೇಡ. ಆಮೇಲೆ ನನ್ನ ಎಡ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು ಇಡಿಸಿ, ನಾಡಿ ನೋಡುತ್ತಾ ಉಸಿರಾಡಿ ಅಂದರು. ಉಸಿರು ಒಳಗೆ ಹೋಗುವಾಗ ನಾಡಿ ತುಸು ಚುರುಕಾಯಿತು. ಬಿಡುವಾಗ ನಿಧಾನವಾಯಿತು. 46 ವರ್ಷ ಈ ದೇಹದಲ್ಲೇ ಇದ್ದೇನೆ, ಒಂದು ದಿನವೂ ಇದನ್ನು ಗಮನಿಸಿರಲಿಲ್ಲ. ಓದುಗರು ಈ ಪತ್ರ ಪಕ್ಕಕ್ಕಿಟ್ಟು ಒಮ್ಮೆ ಮಾಡಿ ನೋಡಬಹುದು.

ಇದರ ಕಾರಣವನ್ನು ಮಾಸ್ತರರೇ ಬಿಡಿಸಿ ಹೇಳಿದರು. ಮಿದುಳಿನಿಂದ ಇಳಿದು ಎದೆ, ಹೊಟ್ಟೆಯವರೆಗೆ ಹೋಗುವ ವೇಗಸ್ ನರ ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ಉಸಿರು ಬಿಡುವಾಗ ಆ ಬ್ರೇಕ್ ಬೀಳುತ್ತದೆ. ಬಿಡುವ ಉಸಿರು ಉದ್ದವಾದಷ್ಟೂ ಅದು ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನಾಲ್ಕು–ಆರರ ಲೆಕ್ಕದಲ್ಲಿ ಅದು 6ಕ್ಕೆ ಇಳಿಯುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಕ್ರೈಸ್ತರ ಜಪಮಾಲೆ ಪ್ರಾರ್ಥನೆ, ಬೌದ್ಧರ ಮಂತ್ರ ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೇ ತಂದಿದ್ದವು. ಇದು ತಿಳಿದ ಮೇಲೆ, ನಸುಕಿನಲ್ಲಿ ಲಿಂಗ ಕೈಯಲ್ಲಿಟ್ಟುಕೊಂಡು ‘ಓಂ ನಮಃ ಶಿವಾಯ’ ಎನ್ನುತ್ತಿದ್ದ ನಮ್ಮವ್ವನ ಆ ನಿಧಾನದ ದನಿ ನೆನಪಾಯಿತು.

ಈಗ ಹೇಳಬೇಕಾಗಿದ್ದಕ್ಕೆ ಬರುತ್ತೇನೆ. ಕಳೆದ ವರ್ಷ ಯೋಗ ದಿನಕ್ಕೆ ನಗರದ ಒಂದು ಸಂಸ್ಥೆ ನೌಕರರಿಗಾಗಿ ಶಿಬಿರ ಇಟ್ಟಿತ್ತು. ನಾನೂ ಸಹೋದ್ಯೋಗಿಗಳೂ ಹೋಗಿದ್ದೆವು. ಯಾರಿಗೆ ಬಿಪಿ ಇದೆ, ಯಾರು ಗರ್ಭಿಣಿ, ಯಾರಿಗೆ ಹರ್ನಿಯಾ ಆಗಿದೆ ಅಂತ ಒಬ್ಬರನ್ನೂ ಕೇಳಲಿಲ್ಲ. ನೇರವಾಗಿ ಭಸ್ತ್ರಿಕಾ, ಕಪಾಲಭಾತಿ, ಅಂದರೆ ಜೋರಾಗಿ, ಬೇಗ ಬೇಗ ಉಸಿರಾಡುವ ಅಭ್ಯಾಸಗಳು. ಮೈಕಿನಲ್ಲಿ ‘ಜೋರಾಗಿ, ಇನ್ನೂ ಜೋರಾಗಿ’ ಅನ್ನುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿಗೆ ತುಟಿ, ಬೆರಳು ಜುಮ್ ಅನ್ನಲು ಶುರುವಾಗಿ, ತಲೆ ತಿರುಗಿ ಒರಗಿಬಿಟ್ಟರು. ಅವರಿಗೂ ಬಿಪಿ ಇದೆ. ‘ಏನಿಲ್ಲ, ಮೈಯೊಳಗಿನ ವಿಷ ಹೊರಗೆ ಹೋಗುತ್ತಿದೆ’ ಎಂದರು ಶಿಬಿರದವರು. ವಿಷವೂ ಅಲ್ಲ, ಏನೂ ಅಲ್ಲ. ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮಿದುಳಿಗೆ ಹೋಗುವ ರಕ್ತನಾಳಗಳು ಬಿಗಿಯಾಗುತ್ತವೆ. ಅದಕ್ಕೇ ತಲೆ ತಿರುಗುತ್ತದೆ. ಆ ಸಹೋದ್ಯೋಗಿ ಇವತ್ತಿಗೂ ಪ್ರಾಣಾಯಾಮ ಅಂದರೆ ಹೆದರುತ್ತಾರೆ. ನನಗೆ ಸಂಕಟ ಆಗುವುದು ಅದಕ್ಕೆ. ಅವರಿಗೆ ನಿಜಕ್ಕೂ ಬೇಕಾಗಿದ್ದದ್ದು ಸಿಗಲೇ ಇಲ್ಲ.

ನಮ್ಮ ಹಳೆಯ ಗ್ರಂಥಗಳೂ ಅವಸರ ಮಾಡಿ ಎಂದು ಹೇಳಿಲ್ಲ. ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಪ್ರಾಣವಾಯುವನ್ನು ‘ಶನೈಃ ಶನೈಃ’ ವಶ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸಾಧಕನಿಗೇ ಅಪಾಯ ಎನ್ನುತ್ತದೆ ಹಠಯೋಗ ಪ್ರದೀಪಿಕೆ. ಅಜ್ಜರು ಅಂದ ‘ಸಾವಕಾಶ’ವೇ ಅದು ಅಲ್ವಾ? ಅದೇ ಗ್ರಂಥದಲ್ಲಿ ಕಪಾಲಭಾತಿ ಬರುವುದು ಶುದ್ಧಿಗಾಗಿ ಹೇಳಿದ ಆರು ಕ್ರಿಯೆಗಳಲ್ಲಿ. ಅದನ್ನು ಬೇಡ ಎನ್ನುತ್ತಿಲ್ಲ. ಗೊತ್ತಿದ್ದವರ ಎದುರು, ಆರೋಗ್ಯ ನೋಡಿಕೊಂಡು, ಮುಂದೆ ಯಾವಾಗಲಾದರೂ ಕಲಿಯಲಿ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮೊದಲೇ ಎದೆ ಬಿಗಿಹಿಡಿದವರಿಗೆ ಮೊದಲ ದಿನವೇ ಅದು ಬೇಕಾ?

2015ರಿಂದ ಪ್ರತಿ ಜೂನ್ 21ಕ್ಕೆ ಟೀ ಶರ್ಟ್, ಚಾಪೆ ಹಂಚುತ್ತಾರೆ, ಫೋಟೊ ತೆಗೆಯುತ್ತಾರೆ. 22ನೇ ತಾರೀಖು ಏನಿರುತ್ತದೆ? ಶಿಬಿರ ಮಾಡುವವರಲ್ಲಿ, ಕಚೇರಿ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟು. ದಿನಕ್ಕೆ ಹತ್ತು ನಿಮಿಷ ಕೊಡಿ, ಕೆಲಸ ಶುರುವಾಗುವ ಮೊದಲು, ಕುರ್ಚಿಯಲ್ಲೇ. ನಿಧಾನದ ಉಸಿರು ಕಲಿಸಿ, ಆಮೇಲೆ ದುಂಬಿಯ ಹಾಗೆ ಗುಂಯ್ ಎನ್ನುತ್ತಾ ಉಸಿರು ಬಿಡುವ ಭ್ರಾಮರಿ ಕಲಿಸಿ. ಆ ಹತ್ತು ನಿಮಿಷ ಕೊಟ್ಟೆವು ಅಂತ ಖಾಲಿ ಹುದ್ದೆಗಳನ್ನು ಮರೆಯಬೇಡಿ. ಇಬ್ಬರ ಕೆಲಸ ಒಬ್ಬರೇ ಮಾಡುವಾಗ ಆಗುವ ದಣಿವನ್ನು ಯಾವ ಪ್ರಾಣಾಯಾಮವೂ ತೆಗೆಯುವುದಿಲ್ಲ. ವಾರಗಟ್ಟಲೆ ನಿದ್ದೆ ಬರದೆ, ಮನಸ್ಸು ಕುಸಿದು ಹೋದವರು ಉಸಿರಾಟ ಒಂದನ್ನೇ ನಂಬಿ ಕೂರಬಾರದು. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಆ ನಂಬರನ್ನು ಪ್ರತಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕಿ.

ನಾನು ಗುಳಿಗೆ ಬಿಟ್ಟಿಲ್ಲ. ನಡಿಗೆಯೂ ಇದೆ. ಈಗ ಬಿಪಿ 130ರ ಆಸುಪಾಸಿನಲ್ಲಿದೆ. ಒಂದು ಟೋಕನ್ ಮುಗಿದು ಇನ್ನೊಂದನ್ನು ಕರೆಯುವ ಮೊದಲು ಒಂದೇ ಒಂದು ಉದ್ದ ಉಸಿರು ಬಿಡುತ್ತೇನೆ. ಹತ್ತು ಸೆಕೆಂಡು, ಅಷ್ಟೇ. ಸಾಲಿನಲ್ಲಿ ನಿಂತವರಿಗೆ ಗೊತ್ತೂ ಆಗುವುದಿಲ್ಲ. ಲೆಕ್ಕ ಮಾತ್ರ ನಲವತ್ತರ ಹತ್ತಿರ ತಪ್ಪುವುದು ನಿಂತಿದೆ.

ಹೋದ ಸೋಮವಾರದಿಂದ ನಮ್ಮ ಶಾಖೆಯಲ್ಲಿ ಐದು ಜನ ಬಾಗಿಲು ತೆಗೆಯುವ ಮೊದಲು ಒಟ್ಟಿಗೆ ಕೂರುತ್ತಿದ್ದೇವೆ. ಶಿಬಿರದಲ್ಲಿ ತಲೆ ತಿರುಗಿ ಒರಗಿದ ಸಹೋದ್ಯೋಗಿ ಮೊದಲ ಮೂರು ದಿನ ದೂರದಿಂದ ನೋಡಿದರು. ಗುರುವಾರ ತಮ್ಮ ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕ ಕೂತರು.

ಇಂತಿ,
ಒಬ್ಬ ಬ್ಯಾಂಕ್ ಕ್ಯಾಷಿಯರ್,
ವಿಜಯಪುರ