ಪೋಪ್ ಲಿಯೋ ಪರಿಚಯದಲ್ಲಿ ಪೆರು ಎಲ್ಲಿ?

ಮಾನ್ಯರೇ,

ಪೋಪ್ ಹದಿನಾಲ್ಕನೇ ಲಿಯೋ ಅವರನ್ನು ‘ಅಮೆರಿಕ ಸಂಜಾತ ಮೊದಲ ಪೋಪ್’ ಎಂದಷ್ಟೇ ಬರೆದು ಮುಗಿಸುವುದು ನನಗೆ ಸರಿಕಾಣುವುದಿಲ್ಲ. ಗಣಿತ ಕಲಿಸಿದವಳಾದ ನನಗೆ ಅವರು ಗಣಿತ ಪದವೀಧರರೆಂಬುದು ಸಂತೋಷವೇ. ಆದರೆ ಅವರನ್ನು ರೂಪಿಸಿದ್ದು ದಕ್ಷಿಣ ಅಮೆರಿಕದ ಪೆರು ದೇಶ. 1985ರಲ್ಲಿ ಅಗಸ್ಟೀನಿಯನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಯುವ ಪಾದ್ರಿಯಾಗಿ ಅಲ್ಲಿಗೆ ಹೋದವರು ತ್ರುಹಿಲ್ಲೊದಲ್ಲಿ ಭಾವೀ ಪಾದ್ರಿಗಳಿಗೆ ಪಾಠ ಹೇಳಿದರು. 2015ರಲ್ಲಿ ಅಲ್ಲಿನ ಚಿಕ್ಲಾಯೊ ನಗರದ ಬಿಷಪ್ ಆದರು, ಪೆರುವಿನ ಪೌರತ್ವವನ್ನೂ ಪಡೆದರು. ಪ್ರವಾಹ ಬಂದಾಗ ರಬ್ಬರ್ ಬೂಟು ತೊಟ್ಟು ನೀರಿಗಿಳಿದರು. ವ್ಯಾಟಿಕನ್‌ನಲ್ಲಿ ಬಿಷಪರ ನೇಮಕ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥರ ಹುದ್ದೆ ಬಂದದ್ದು 2023ರಲ್ಲಿ. 2025ರ ಮೇ 8ರಂದು ಪೋಪ್ ಆಗಿ ಆಯ್ಕೆಯಾದಾಗ ಬಾಲ್ಕನಿಯಿಂದ ಇಂಗ್ಲಿಷಿನಲ್ಲಿ ಒಂದು ಮಾತನ್ನೂ ಆಡದೆ, ಚಿಕ್ಲಾಯೊ ಜನರನ್ನು ಸ್ಪ್ಯಾನಿಷ್‌ನಲ್ಲಿ ನೆನೆದರು. ಮುಂದಿನ ವರದಿಗಳಲ್ಲಾದರೂ ಆ ಜನರಿಗೆ ನಾಲ್ಕು ಸಾಲು ಕೊಡಿ.

– ನಿವೃತ್ತ ಶಿಕ್ಷಕಿ, ಹೊನ್ನಾವರ